ಬೆರಳು ಆಡಿದರೆ ಮೂಳೆ ಮುರಿದಿಲ್ಲ ಎಂದಲ್ಲ

ಬೈಕಿನಿಂದ ಬಿದ್ದವರನ್ನೋ ಬಚ್ಚಲಲ್ಲಿ ಜಾರಿದವರನ್ನೋ ಎತ್ತಿ ಕೂರಿಸಿದ ಕೂಡಲೇ ಸುತ್ತ ನಿಂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಎಲ್ಲಿ, ಬೆರಳು ಆಡಿಸು ನೋಡೋಣ.’ ಬೆರಳು ಆಡುತ್ತದೆ. ‘ಮುರಿದಿದ್ರೆ ಆಡ್ತಿತ್ತಾ? ಬರೀ ಉಳುಕು ಬಿಡು.’ ಅಲ್ಲಿಗೆ ತೀರ್ಮಾನವಾಯಿತು. ಎಕ್ಸ್‌ರೇ ದಂಡ, ಸಂಜೆಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಸಾಕು. ಈ ಒಂದು ನಂಬಿಕೆಯಿಂದ ಎಷ್ಟು ಕೈಗಳು ಸೊಟ್ಟಗಾಗಿವೆ ಎಂದು ನೆನೆದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಮೂಳೆ ತಾನಾಗಿ ಆಡುವುದಿಲ್ಲ, ಅದನ್ನು ಆಡಿಸುವುದು ಸ್ನಾಯು. ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳಿರುವುದು ಬೆರಳಲ್ಲಲ್ಲ, ಮೊಣಕೈ ಕೆಳಗೆ. ಒಂದು ಕೈಯಿಂದ ಇನ್ನೊಂದರ ಮೊಣಕೈ ಕೆಳಭಾಗ ಹಿಡಿದುಕೊಂಡು ಬೆರಳು ಮಡಿಸಿ ಬಿಚ್ಚಿ. ಚರ್ಮದಡಿ ಸ್ನಾಯು ಹೊರಳುವುದು ಗೊತ್ತಾಗುತ್ತದೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳ ಮೂಳೆಗಳಿಗೆ ಅಂಟಿವೆ. ಮಣಿಕಟ್ಟಿನ ಮೂಳೆ ಮುರಿದಿದ್ದರೂ ರಜ್ಜು ಹರಿಯದೆ, ನರಕ್ಕೆ ಪೆಟ್ಟಾಗದೆ ಉಳಿದಿದ್ದರೆ ಬೆರಳು ಆಡಬಲ್ಲದು. ಡಾಕ್ಟರೂ ಬೆರಳು ಆಡಿಸಲು ಹೇಳುತ್ತಾರೆ ನಿಜ. ಅದು ನರ, ರಜ್ಜು ನೆಟ್ಟಗಿವೆಯೇ ಎಂದು ತಿಳಿಯಲು. ವಯಸ್ಸಾದವರಲ್ಲಿ ತೊಡೆಮೂಳೆಯ ಕತ್ತು ಮುರಿದು ಒಂದು ತುದಿ ಇನ್ನೊಂದರೊಳಗೆ ಸಿಕ್ಕಿಕೊಂಡಿದ್ದರೆ ಅವರು ಎದ್ದು ಕುಂಟುತ್ತಾ ನಡೆದೂಬಿಡುತ್ತಾರೆ. ಸಿಕ್ಕಿಕೊಂಡದ್ದು ಆಮೇಲೆ ಜರುಗಿದಾಗ ಆಪರೇಷನ್ ದೊಡ್ಡದಾಗುತ್ತದೆ.

ಮಣಿಕಟ್ಟಿನಲ್ಲಿ ಎಂಟು ಗಿಡ್ಡ ಮೂಳೆಗಳಿವೆ. ಅವುಗಳಲ್ಲಿ ಸ್ಕ್ಯಾಫಾಯ್ಡ್ ಎಂಬುದು ಗೋಡಂಬಿಯಂತೆ ಸಣ್ಣದು. ಅಂಗೈ ಊರಿ ಬಿದ್ದಾಗ ಈ ಎಂಟರಲ್ಲಿ ಮುರಿಯುವುದು ಹೆಚ್ಚಾಗಿ ಇದೇ. ಊತ ಅಷ್ಟಾಗಿ ಕಾಣದು, ಆಕಾರ ಕೆಡದು. ಹೆಬ್ಬೆರಳನ್ನು ಅಗಲಿಸಿದಾಗ ಅದರ ಬುಡದಲ್ಲಿ ಬೀಳುವ ಕುಳಿಯನ್ನು ಒತ್ತಿದರೆ ಮಾತ್ರ ಜೀವ ಹೋಗುವಷ್ಟು ನೋವು. ಮೊದಲ ದಿನದ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಬಿರುಕು ಕಾಣುವುದಿಲ್ಲ. ಅದಕ್ಕೇ ಅನುಮಾನವಿದ್ದರೆ ಕಟ್ಟು ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸುತ್ತಾರೆ. ಈ ಮೂಳೆಗೆ ರಕ್ತ ಹರಿಯುವುದು ಬಹುಪಾಲು ಬೆರಳ ಕಡೆಯ ತುದಿಯಿಂದ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ತಪ್ಪಿ ಅದು ಸತ್ತೇ ಹೋಗಬಹುದು.

ಇನ್ನು ತಿಕ್ಕುವುದು. ಮಗುವಿನ ಮೊಣಕೈಗೆ ಪೆಟ್ಟಾದಾಗ ಎಣ್ಣೆ ಹಚ್ಚಿ ತಿಕ್ಕಿದರೆ ನಜ್ಜಾದ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳಬಹುದು. ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟುವುದು ಇದಕ್ಕಿಂತ ಕೆಟ್ಟದ್ದು. ಒಳಗೆ ಊತ ಏರುತ್ತದೆ, ಕಟ್ಟು ಜಾಗ ಕೊಡುವುದಿಲ್ಲ, ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ, ಕೈ ಉಳಿದರೂ ಬೆರಳುಗಳು ಮಡಿಚಿಕೊಂಡೇ ಉಳಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಬಿಗಿಕಟ್ಟಿನ ಈ ಅನಾಹುತವನ್ನು ವಿವರಿಸಿದ್ದಾನೆ. ಅಷ್ಟು ಹಿಂದೆಯೇ ತಿಳಿದ ವಿಷಯಕ್ಕೆ ಇವತ್ತೂ ಮಕ್ಕಳ ಕೈ ಬಲಿಯಾಗಬೇಕೇ?

‘ನಮ್ಮೂರಲ್ಲಿ ಕಟ್ಟು ಹಾಕಿಸಿಕೊಂಡು ಎಷ್ಟು ಜನಕ್ಕೆ ವಾಸಿಯಾಗಿಲ್ಲ?’ ಎನ್ನುತ್ತಾರೆ. ಆಗಿರಬಹುದು. ಕೂಡಿಕೊಳ್ಳುವುದು ಮೂಳೆಯ ಗುಣ. ಅದು ರಕ್ತ ಹರಿಯುವ, ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುವ ಜೀವಂತ ಅಂಗ. ಅಲ್ಲಾಡದಂತೆ ಇಟ್ಟರೆ ಮಗುವಿನ ಮುಂಗೈ ಮೂಳೆ ಆರು ವಾರದೊಳಗೇ ಬೆಸೆಯಬಹುದು. ಆದರೆ ಕೂಡುವುದು ಬೇರೆ, ನೇರವಾಗಿ ಕೂಡುವುದು ಬೇರೆ. ವಾಸಿಯಾದವರು ಊರಿಗೆಲ್ಲ ಸಾರುತ್ತಾರೆ. ಕೈ ಸೊಟ್ಟಗಾದವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ನಮ್ಮ ನಂಬಿಕೆಗಳೆಲ್ಲ ಬೆಳೆಯುವುದು ಹೀಗೆಯೇ, ಗೆದ್ದವರ ಮಾತನ್ನಷ್ಟೇ ಕೇಳಿ. ಗಂಡಸರಿಗೆ ಒಂದು ಪಕ್ಕೆಲುಬು ಕಡಿಮೆ ಎಂಬ ಮಾತೂ ಎಣಿಸಿ ನೋಡದೆ ಉಳಿದದ್ದೇ. ಸಾಮಾನ್ಯವಾಗಿ ಇಬ್ಬರಿಗೂ ಹನ್ನೆರಡು ಜೊತೆ. ನೆಟಿಗೆ ಮುರಿದರೆ ಮೂಳೆ ಸವೆಯುವುದಿಲ್ಲ, ಆ ಸದ್ದು ಕೀಲಿನ ದ್ರವದಲ್ಲಿನ ಅನಿಲದ ಗುಳ್ಳೆಯದು. ಕಾಲು ಸೂಪು ಕುಡಿದರೆ ಮೂಳೆ ಬೇಗ ಕೂಡುತ್ತದೆಂಬುದೂ ಸುಳ್ಳು: ಮೂಳೆಯ ಕ್ಯಾಲ್ಸಿಯಂ ಕುದಿಸಿದ ನೀರಿಗೆ ಇಳಿಯುವುದು ಅತ್ಯಲ್ಪ. ನೂರು ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಬಿದ್ದು ಕೈ ನೋಯುತ್ತಿದ್ದರೆ ತಿಕ್ಕಬೇಡಿ, ಎಳೆಯಬೇಡಿ. ಮಡಿಚಿದ ದಿನಪತ್ರಿಕೆಯನ್ನು ಕೈಯಡಿ ಇಟ್ಟು ಸಡಿಲವಾಗಿ ಕಟ್ಟಿ, ವಲ್ಲಿಯಿಂದ ಕುತ್ತಿಗೆಗೆ ತೂಗುಹಾಕಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ಹೊರಡುವ ಮೊದಲು ಬಳೆ, ಉಂಗುರ ತೆಗೆಯಿರಿ. ಬಾವು ಏರಿದ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಹಾಕಿದ ಕಟ್ಟೇ ಆದರೂ ಬೆರಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೋಗಿ ಬಿಚ್ಚಿಸಿ.