ತಮ್ಮದು ಯಾವ ಊರು?

ನಮ್ಮ ನಾಡಿನಲ್ಲಿ ಅಪರಿಚಿತರಿಬ್ಬರು ರೈಲಿನಲ್ಲಿ ಎದುರುಬದುರಾಗಿ ಕುಳಿತರೆ, ಹೆಸರನ್ನು ಕೇಳುವುದಕ್ಕೂ ಮೊದಲು ಒಬ್ಬರು ಇನ್ನೊಬ್ಬರನ್ನು ಕೇಳುವುದು "ತಮ್ಮದು ಯಾವ ಊರಾಯಿತು?" ಎಂದೇ. ಇದರಲ್ಲಿ ಕುತೂಹಲವಲ್ಲದೆ ಬೇರೇನೂ ಇರುವುದಿಲ್ಲ. ಉತ್ತರ ಬಂದ ಕೂಡಲೆ ಕೇಳಿದವರು ಆ ಕಡೆಯ ತಮ್ಮ ದೂರದ ನೆಂಟರೊಬ್ಬರ ಹೆಸರು ಹೇಳಿ, ಅವರನ್ನು ಬಲ್ಲಿರಾ ಎಂದು ವಿಚಾರಿಸಿ, ಬುತ್ತಿಯ ಗಂಟನ್ನು ಬಿಚ್ಚುವರು. ಅದೇ ಪ್ರಶ್ನೆಯನ್ನು ಕಚೇರಿಯ ಗುಮಾಸ್ತನು ಅಚ್ಚಾದ ಕಾಗದದ ಮೇಲೆ ಕೇಳಿದಾಗಲಾದರೋ ಸಂಗತಿಯೇ ಬೇರೆ. ಅಲ್ಲಿ ಉತ್ತರಕ್ಕೆ ಎರಡು ಅಂಗುಲದ ಸ್ಥಳವಿರುತ್ತದೆ. ಆ ಎರಡು ಅಂಗುಲದ ಮೇಲೆ ಒಬ್ಬನ ಉದ್ಯೋಗವು ನಿಂತಿರುವುದೂ ಉಂಟು.

ಕೆಲವು ದಿನಗಳ ಕೆಳಗೆ ಬಳ್ಳಾರಿಯ ಕಡೆಯ ತರುಣನೊಬ್ಬನು ಇಂತಹ ಒಂದು ಕಾಗದವನ್ನು ಹಿಡಿದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ಅವನ ವೃತ್ತಾಂತವಿಷ್ಟು. ತಂದೆಯವರು ಮೂರು ತಲೆಮಾರುಗಳಿಂದ ಬಳ್ಳಾರಿಯಲ್ಲಿ ನೆಲೆಸಿದವರು, ಆದರೆ ಮನೆಮಾತು ತೆಲುಗು. ತಾಯಿಯವರ ತವರು ರಾಯದುರ್ಗ. ಅದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ, ಆದರೆ ಆಕೆಯ ತವರಿನ ಮಾತು ಕನ್ನಡ. ಚೊಚ್ಚಲ ಹೆರಿಗೆಯು ತವರಿನಲ್ಲಾಗುವುದು ನಮ್ಮ ಪದ್ಧತಿಯಾದ್ದರಿಂದ ಈತನು ಹುಟ್ಟಿದ್ದು ರಾಯದುರ್ಗದಲ್ಲಿ. ಬೆಳೆದದ್ದು, ಕನ್ನಡ ಶಾಲೆಯಲ್ಲಿ ಓದಿದ್ದು, ಇಂದಿಗೂ ಇರುವುದು ಬಳ್ಳಾರಿಯಲ್ಲಿ. ಕಚೇರಿಯೊಂದರಲ್ಲಿ ಅರ್ಜಿ ಕೊಡಲು ಹೋದಾಗ ಗುಮಾಸ್ತರು ಜನನಪತ್ರವನ್ನು ತಿರುವಿ ನೋಡಿ, "ನೀನು ಆಂಧ್ರದವನಲ್ಲವೇ?" ಎಂದರಂತೆ. ರಾಯದುರ್ಗಕ್ಕೆ ಹೋದರೆ ಸೋದರಮಾವನ ಮಕ್ಕಳು ಅವನನ್ನು "ಕರ್ನಾಟಕದವನು" ಎಂದು ಹಾಸ್ಯಮಾಡುವರಂತೆ. "ಸ್ವಸ್ಥಳ ಎಂಬಲ್ಲಿ ಏನು ಬರೆಯಲಿ, ಮಾತೃಭಾಷೆ ಎಂಬಲ್ಲಿ ಏನು ಬರೆಯಲಿ, ನೀವೇ ಹೇಳಿ ಸಾರ್" ಎಂಬುದು ಅವನ ಪ್ರಾರ್ಥನೆ.

ಪತ್ರಿಕೆಯವರಿಗೆ ಎಲ್ಲವೂ ತಿಳಿದಿದೆಯೆಂಬ ಭ್ರಮೆಯು ಜನರಲ್ಲಿ ಇನ್ನೂ ಉಳಿದಿರುವುದು ನಮಗೆ ಸಂತೋಷದ ವಿಷಯವೇ. ಆದರೆ ಆ ದಿನ ಅವನಿಗೆ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು.

ಈತನ ತೊಡಕನ್ನು ಈತನಾಗಲಿ, ಇವನ ತಂದೆತಾಯಿಗಳಾಗಲಿ ತಂದುಕೊಂಡವರಲ್ಲ. 1800ನೆಯ ಇಸವಿಯಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿ, ಮದರಾಸು ಆಧಿಪತ್ಯದ ಜಿಲ್ಲೆಯಾಯಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆ ಜಿಲ್ಲೆಯವೇ ಆಗಿದ್ದವು. ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ 1952ರ ಡಿಸೆಂಬರಿನಲ್ಲಿ ಮಡಿದ ಮೇಲೆ ಆಂಧ್ರ ರಾಜ್ಯದ ರಚನೆಯು ನಿಶ್ಚಯವಾಗಿ, ಜಿಲ್ಲೆಯನ್ನು ಹೇಗೆ ಹಂಚುವುದೆಂಬ ಪ್ರಶ್ನೆಯು ಎದ್ದಿತು. ಆ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮೊದಲಾದವು ಮೈಸೂರಿಗೆ ಬಂದವು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಬೀದಿಯಲ್ಲಿ ಕೇಳಬಹುದಾದ ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಮಾತ್ರ ವಿವಾದವು ಬಲವಾಗಿ, ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯಾದ ತರುವಾಯ ಅದೂ ಮೈಸೂರಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಇದೆಲ್ಲವೂ ಜಾರಿಗೆ ಬಂದಿತು. ಕನ್ನಡಿಗರಾದ ನಾವು ಆ ದಿನವನ್ನು ಜಯದ ದಿನವೆಂದು ಎಣಿಸುವೆವು; ಎಣಿಸತಕ್ಕದ್ದೂ ಹೌದು. ಆದರೆ ಅದುವರೆಗೆ ರಾಯದುರ್ಗದ ಹೆಣ್ಣನ್ನು ಬಳ್ಳಾರಿಗೆ ತಂದುಕೊಂಡವರು ಐವತ್ತು ಕಿಲೋಮೀಟರಿನಷ್ಟು ದೂರದಿಂದ, ತಮ್ಮದೇ ಜಿಲ್ಲೆಯಿಂದ ಸೊಸೆಯನ್ನು ತಂದುಕೊಂಡಿದ್ದರು. ಆ ದಿನದಿಂದ ಅದೇ ಸಂಬಂಧವು ಹೊರರಾಜ್ಯದ ಸಂಬಂಧವಾಯಿತು. ಆ ಕಾಲದಲ್ಲಿ ಬಳ್ಳಾರಿಯಲ್ಲಿದ್ದ ಮುದುಕರೊಬ್ಬರು ಮನೆಯ ಜಗಲಿಯನ್ನು ಬಿಟ್ಟು ಇಳಿಯದೆಯೇ ಮೊದಲು ಮದರಾಸಿನವರಾಗಿ, ಆಮೇಲೆ ಮೈಸೂರಿನವರಾಗಿ, 1973ರ ನವೆಂಬರಿನವರೆಗೆ ಬದುಕಿದ್ದರೆ ಕರ್ನಾಟಕದವರೂ ಆಗಬಹುದಾಗಿತ್ತು.

ಹುಟ್ಟಿದ ಊರೇ ಸ್ವಸ್ಥಳವೆಂಬ ಗುಮಾಸ್ತರ ಸಿದ್ಧಾಂತವನ್ನು ನಮ್ಮ ಮಹನೀಯರ ವಿಷಯದಲ್ಲಿ ಪರೀಕ್ಷಿಸಿ ನೋಡಬಹುದು. ಕುವೆಂಪು ಅವರ ಹೆಸರಿನ ಮೊದಲಕ್ಷರವು ಕುಪ್ಪಳಿಯದು. ಅವರು 1904ರಲ್ಲಿ ಹುಟ್ಟಿದ್ದಾದರೋ ಕೊಪ್ಪದ ಸೀಮೆಯ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅವರು ಹಿರೇಕೊಡಿಗೆಯವರೆಂದು ಇದುವರೆಗೆ ಯಾರೂ ವಾದಿಸಿದಂತೆ ಕಾಣೆವು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಮೋಕ್ಷಗುಂಡಂ ಇರುವುದು ಇಂದಿನ ಆಂಧ್ರಪ್ರದೇಶದಲ್ಲಿ. ಅವರ ಪೂರ್ವಿಕರು ಅದನ್ನು ಬಿಟ್ಟು ಬಂದು ಎಷ್ಟೋ ಕಾಲವಾದ ಮೇಲೆ ಅವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಮನೆಯಲ್ಲಿ ಆಡುತ್ತಿದ್ದುದು ತೆಲುಗು. 1912ರಿಂದ 1918ರವರೆಗೆ ದಿವಾನಗಿರಿ ಮಾಡಿದ ಅವರನ್ನು ಮೈಸೂರಿನವರಲ್ಲವೆನ್ನುವ ಎದೆಗಾರಿಕೆ ಯಾರಿಗಿದೆ? ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಈ ಮೂವರನ್ನು ತೆಗೆದುಹಾಕಿದರೆ ಆಧುನಿಕ ಕನ್ನಡ ಸಾಹಿತ್ಯದಲ್ಲಿ ಉಂಟಾಗುವ ಬಯಲನ್ನು ಯಾವುದರಿಂದ ತುಂಬುವುದೋ ತಿಳಿಯದು. ಪೈಗಳ ಮಂಜೇಶ್ವರವೇ 1956ರಲ್ಲಿ ಕೇರಳಕ್ಕೆ ಸೇರಿಹೋಯಿತು. ಅವರು ಮಾತ್ರ ಕಡೆಯವರೆಗೂ ಕನ್ನಡದ ಕವಿಗಳಾಗಿಯೇ ಇದ್ದರು.

ಈ ಪ್ರಸ್ತಾಪದಲ್ಲಿ ಬಳ್ಳಾರಿಯ ರಾಘವರನ್ನು ಮರೆಯಲಾಗದು. 1880ರಲ್ಲಿ ತಾಡಿಪತ್ರಿಯಲ್ಲಿ ಹುಟ್ಟಿದ ತಾಡಿಪತ್ರಿ ರಾಘವಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದು, ತೆಲುಗು ರಂಗಭೂಮಿಯ ಮಹಾನಟರೆನಿಸಿದರು, ಕನ್ನಡದಲ್ಲಿಯೂ ಅಭಿನಯಿಸಿದರು. ಹುಟ್ಟಿದ ಊರು ವಂಶದ ಹೆಸರಿನಲ್ಲಿ ಇದ್ದರೂ ಜನರು ಅವರನ್ನು ಕರೆದದ್ದು ಬಳ್ಳಾರಿ ರಾಘವರೆಂದೇ. ಅವರ ಹೆಸರಿನ ಕಲಾಮಂದಿರವು ಆ ಊರಿನಲ್ಲಿದೆ. ಊರೆಂಬುದು ಮನುಷ್ಯನು ಆರಿಸಿಕೊಳ್ಳುವುದೊಂದೇ ಅಲ್ಲ, ಊರೂ ಮನುಷ್ಯನನ್ನು ಆರಿಸಿಕೊಳ್ಳುವುದುಂಟು.

ಇನ್ನು ಶಾಸನವು ಏನನ್ನುತ್ತದೆಂಬುದನ್ನು ನೋಡೋಣ. ರಾಯಚೂರು, ಕಲಬುರ್ಗಿ, ಬೀದರುಗಳು ನಿಜಾಮನ ಆಳ್ವಿಕೆಯಲ್ಲಿದ್ದಾಗ, 1919ರ ಮುಲ್ಕೀ ನಿಯಮಗಳ ಪ್ರಕಾರ ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿ, ಹಿಂದಿನ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿರುವೆನೆಂದು ಪ್ರಮಾಣಪತ್ರ ಕೊಟ್ಟವನನ್ನು ನಾಡಿನವನೆಂದು ಎಣಿಸುತ್ತಿದ್ದರು. ಆ ನಿಯಮಗಳಿಂದ ಮುಂದೆ ಆದ ಜಗಳಗಳು ಒಂದೆರಡಲ್ಲ. ಆದರೆ ಮರಳುವ ಯೋಚನೆಯುಂಟೇ ಎಂಬ ಆ ಒಂದು ಪ್ರಶ್ನೆಯು ಮಾತ್ರ ಜನನಪತ್ರವನ್ನು ತಿರುವಿಹಾಕುವುದಕ್ಕಿಂತ ಎಷ್ಟೋ ವಿವೇಕದ್ದು ಎಂದು ನಮಗೆ ತೋರುತ್ತದೆ. ಸರೋಜಿನಿ ಮಹಿಷಿಯವರ ಸಮಿತಿಯು ಸಹ ಹುಟ್ಟನ್ನು ಹಿಡಿದುಕೊಂಡು ಕೂರಲಿಲ್ಲ; ಹದಿನೈದು ವರ್ಷ ಕರ್ನಾಟಕದಲ್ಲಿದ್ದು ಕನ್ನಡವನ್ನು ಓದಬಲ್ಲ, ಬರೆಯಬಲ್ಲ ವ್ಯಕ್ತಿಯೇ ಕನ್ನಡಿಗನೆಂದು ಹೇಳಿತು. ಮನೆಯಲ್ಲಿ ಯಾವ ಮಾತನ್ನಾಡುವೆ ಎಂದು ಅದು ಕೇಳಲಿಲ್ಲವೆಂಬುದನ್ನು ನಮ್ಮ ಕೆಲವು ಆವೇಶಶಾಲಿ ಮಿತ್ರರು ಗಮನಿಸಬೇಕು. ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಪ್ರದೀಪ ಜೈನರ ಮೊಕದ್ದಮೆಯಲ್ಲಿ, ಭಾರತದಲ್ಲಿ ರಾಜ್ಯಕ್ಕೊಂದರಂತೆ ಬೇರೆಬೇರೆ ಅಧಿವಾಸಗಳಿಲ್ಲ, ಇರುವುದು ಭಾರತದ ಅಧಿವಾಸವೊಂದೇ ಎಂದು ಹೇಳಿತು. ಬಳ್ಳಾರಿಯನ್ನೊಳಗೊಂಡ ಕಲ್ಯಾಣ ಕರ್ನಾಟಕಕ್ಕೆ 2012ರ ತಿದ್ದುಪಡಿಯಿಂದ ವಿಶೇಷ ಸೌಲಭ್ಯವನ್ನು ಕೊಟ್ಟ 371-ಜೆ ಅನುಚ್ಛೇದವಾದರೂ "ಜನನದಿಂದ ಅಥವಾ ವಾಸದಿಂದ" ಆ ಪ್ರದೇಶಕ್ಕೆ ಸೇರಿದವರು ಎನ್ನುತ್ತದೆ. "ಅಥವಾ" ಎಂಬ ಆ ಪದವನ್ನು ನಮ್ಮ ತರುಣನ ಗುಮಾಸ್ತರು ಓದದೆ ಬಿಟ್ಟಿರಬೇಕು. ಅಷ್ಟನ್ನು ತೋರಿಸಿಕೊಟ್ಟಾಗ ತರುಣನ ಮುಖದಲ್ಲಿ ಸ್ವಲ್ಪ ಕಳೆಬಂದಿತು.

ಸ್ವಸ್ಥಳದ ಮಾತು ಹೀಗೆ ಬಗೆಹರಿಯಿತು. ಮಾತೃಭಾಷೆಯದು ಹಾಗೆ ಬಗೆಹರಿಯುವಂಥದಲ್ಲ. ಇಲ್ಲಿ ನಾವು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

2011ರ ಜನಗಣತಿಯ ಕಾಲದಲ್ಲಿ, ಕರ್ನಾಟಕದಲ್ಲಿ ವಾಸಿಸುವವರೆಲ್ಲರೂ ಮನೆಮಾತು ಏನೇ ಇರಲಿ ಕನ್ನಡವನ್ನೇ ಮಾತೃಭಾಷೆಯೆಂದು ಬರೆಯಿಸಿರೆಂದು ಇದೇ ಪುಟದಲ್ಲಿ ನಾವು ಒತ್ತಾಯದಿಂದ ಬರೆದಿದ್ದೆವು. ಆಗ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾಗಿದ್ದ, ಕೊಂಕಣಿ ಮನೆಮಾತಿನ ಉಪಾಧ್ಯಾಯರೊಬ್ಬರು ನಮಗೊಂದು ಕಾರ್ಡು ಬರೆದರು. ಕನ್ನಡದ ಮೇಲಣ ಪ್ರೀತಿಯನ್ನು ಸ್ಥಾಪಿಸುವುದಕ್ಕಾಗಿ ತಾನು ತಾಯಿಯ ವಿಷಯದಲ್ಲಿ ಸುಳ್ಳು ಹೇಳಬೇಕೇ ಎಂಬುದಿಷ್ಟೇ ಅದರ ಒಕ್ಕಣೆ. ಸ್ಥಳಾಭಾವವೆಂದು ನೆಪ ಹೇಳಿಕೊಂಡು ಆ ಪತ್ರವನ್ನು ನಾವು ಅಚ್ಚುಮಾಡಲಿಲ್ಲ. ಅದು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ.

ಆ ಉಪಾಧ್ಯಾಯರ ಪಕ್ಷವೇ ನ್ಯಾಯವಾದದ್ದು. 1951ರ ಗಣತಿಯಲ್ಲಿ ಪಂಜಾಬಿನಲ್ಲಿ ನಡೆದದ್ದು ಎಲ್ಲರಿಗೂ ಪಾಠವಾಗಬೇಕಾಗಿತ್ತು. ಪಂಜಾಬಿಯನ್ನೇ ಆಡುವ ಅನೇಕರು ಪಕ್ಷಪಂಗಡಗಳ ಮಾತು ಕೇಳಿ ಹಿಂದಿಯೆಂದು ಬರೆಯಿಸಹೋಗಿ, ವ್ಯಾಜ್ಯವು ಎಷ್ಟು ವಿಷಮಿಸಿತೆಂದರೆ ಅಲ್ಲಿ ಆ ಭಾಷೆಗಳ ಲೆಕ್ಕವನ್ನೇ ಬೇರೆಬೇರೆಯಾಗಿ ತೋರಿಸದೆ ಬಿಟ್ಟರು. 2011ರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ದೇಶದಲ್ಲಿ ಒಟ್ಟು 4 ಕೋಟಿ 37 ಲಕ್ಷ ಮಂದಿ. ನಮ್ಮ ರಾಜ್ಯದ ಜನಸಂಖ್ಯೆಯಲ್ಲಿ ಅವರು ಮೂರರಲ್ಲಿ ಎರಡು ಪಾಲು. ಈ ಸಂಖ್ಯೆಯನ್ನು ಕಂಡು ಕೆಲವರಿಗೆ ದಿಗಿಲಾಗುತ್ತದೆ. ಉಳಿದ ಒಂದು ಪಾಲಿನವರಲ್ಲಿ ಎಷ್ಟೋ ಮಂದಿ ಸಂತೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡದಿಂದಲೇ ಬಾಳುತ್ತಿರುವರೆಂಬುದನ್ನು ಅವರು ಮರೆಯುವರು. ಗಣತಿಯ ಪತ್ರದಲ್ಲಿ ಮಾತೃಭಾಷೆಯಲ್ಲದೆ ತಿಳಿದಿರುವ ಇನ್ನೆರಡು ಭಾಷೆಗಳನ್ನು ಬರೆಯಿಸಲು ಸ್ಥಳವುಂಟು. ಹಾಗೆ ಕಲಿತು ಬಂದವರ ಲೆಕ್ಕವು ಕನ್ನಡಕ್ಕೆ ಅವಮಾನವಲ್ಲ. 2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಗೊತ್ತುಮಾಡಿ ಭಾರತ ಸರ್ಕಾರವು 2025ರ ಜೂನಿನಲ್ಲಿ ಪ್ರಕಟಣೆ ಹೊರಡಿಸಿತು. ಆ ಗಣತಿಗೆ ನಮ್ಮ ಸಲಹೆಯು 2011ರ ಸಲಹೆಯಲ್ಲ: ನಿಜವನ್ನು ಬರೆಯಿಸಿರಿ. ಅದರಿಂದ ನಮ್ಮ ಲೆಕ್ಕದಲ್ಲಿ ಕೆಲವು ತಲೆಗಳು ಕಡಿಮೆಯಾದರೆ ಆಗಲಿ.

ಆದರೆ ತರುಣನ ವಿಷಯದಲ್ಲಿ ನಿಜವಾವುದು? ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂಬುದು ಗಣತಿಯವರ ಲಕ್ಷಣ. ತಂದೆಯ ಕುಲದ ಮಾತೆಂದು ಅವರು ಹೇಳುವುದಿಲ್ಲ. ಕಚೇರಿಗಳಲ್ಲಿ ಮಾತ್ರ ಎಲ್ಲರೂ ತಂದೆಯ ಕಡೆಯದನ್ನೇ ಬರೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಈತನೂ ಹುಟ್ಟಿದಂದಿನಿಂದ ತನ್ನದು ತೆಲುಗೆಂದೇ ತಿಳಿದಿದ್ದನು. ನಿನ್ನ ತಾಯಿಯು ನಿನ್ನೊಡನೆ ಯಾವ ಮಾತನ್ನಾಡುತ್ತಿದ್ದರು ಎಂದು ಕೇಳಿದೆವು. ಅವನು ಸುಮ್ಮನಾದನು. ಅದನ್ನು ಎಂದೂ ಯೋಚಿಸಿದವನಲ್ಲ. ಕೊನೆಗೆ ನಮ್ಮೆದುರಿನಲ್ಲಿಯೇ ಮನೆಗೆ ದೂರವಾಣಿ ಮಾಡಿದನು.

ಆ ತಾಯಿಯು ಮೊದಲು ನಕ್ಕರಂತೆ. ಅತ್ತೆಯವರು ಎದುರಿಗಿದ್ದಾಗ ತೆಲುಗು, ಇಲ್ಲದಿದ್ದಾಗ ಕನ್ನಡ; ಬೈಯುವಾಗ ತೆಲುಗು, ಮಲಗಿಸುವಾಗ ಕನ್ನಡ; ಜ್ವರ ಬಂದಾಗ ಯಾವುದೆಂದು ತನಗೇ ನೆನಪಿಲ್ಲ ಎಂದರಂತೆ. ಆಮೇಲೆ, "ಇಷ್ಟು ವರ್ಷಕ್ಕೆ ಇದನ್ನು ಕೇಳಿದವನು ನೀನೊಬ್ಬನೇ, ಮಗನೇ" ಎಂದರಂತೆ. ಇದನ್ನು ಹೇಳುವಾಗ ತರುಣನ ಕಣ್ಣು ತೇವವಾಗಿತ್ತು.

ಸ್ವಸ್ಥಳ ಎಂಬಲ್ಲಿ ಅವನು ಬಳ್ಳಾರಿಯೆಂದೂ, ಜನ್ಮಸ್ಥಳ ಎಂಬಲ್ಲಿ ರಾಯದುರ್ಗವೆಂದೂ ಬರೆದನು. ಮಾತೃಭಾಷೆ ಎಂಬಲ್ಲಿ "ತೆಲುಗು, ಕನ್ನಡ" ಎಂದು ಎರಡನ್ನೂ ಚಿಕ್ಕ ಅಕ್ಷರಗಳಲ್ಲಿ ಬರೆದನು; ಸ್ಥಳವು ಸಾಲದೆ ಕೊನೆಯ ಅಕ್ಷರವು ಗೆರೆಯನ್ನು ದಾಟಿತು. ಗುಮಾಸ್ತರು ಇದಕ್ಕೆ ಆಕ್ಷೇಪಿಸಬಹುದೆಂದು ಎಚ್ಚರಿಸಿದೆವು. ಆಕ್ಷೇಪಿಸಲಿ ಸಾರ್, ಇದೇ ನಿಜವಲ್ಲವೇ ಎಂದನು.

ನಮ್ಮ ವಾಚಕರಲ್ಲಿ ಕಚೇರಿಗಳ ಮೇಲಧಿಕಾರಿಗಳು ಅನೇಕರಿರುವರು. ಕೆಲಸದ ಅರ್ಜಿಯಲ್ಲಿ ಮಾತೃಭಾಷೆಯಿಂದ ಪ್ರಯೋಜನವೇನು ಎಂಬುದನ್ನು ಅವರು ಒಮ್ಮೆ ವಿಚಾರಿಸಬೇಕು. ಅಭ್ಯರ್ಥಿಗೆ ಕನ್ನಡ ಬರುತ್ತದೆಯೇ, ಈ ನಾಡಿನಲ್ಲಿ ಎಷ್ಟು ವರ್ಷದಿಂದಿರುವನು ಎಂಬೆರಡನ್ನು ಕೇಳುವ ಹಕ್ಕು ಅವರಿಗುಂಟು. ಅದನ್ನು ಕಟ್ಟುನಿಟ್ಟಾಗಿ ಕೇಳಲಿ, ಪರೀಕ್ಷೆಯನ್ನೂ ಮಾಡಲಿ. ಮಿಕ್ಕದ್ದನ್ನು ಕೇಳಲೇಬೇಕೆಂದಿದ್ದರೆ ಆ ಎರಡು ಅಂಗುಲವನ್ನು ನಾಲ್ಕು ಅಂಗುಲವಾಗಿಯಾದರೂ ಅಚ್ಚುಮಾಡಿಸಲಿ.