ಪಿಲ್ಸೆನ್ ಊರಿನ ಹೊಂಬಣ್ಣದ ಬಿಯರ್

1838ರಲ್ಲಿ ಬೊಹೀಮಿಯಾದ ಪಿಲ್ಸೆನ್ ಪಟ್ಟಣದ ಜನ ಮೂವತ್ತಾರು ಪೀಪಾಯಿ ಬಿಯರನ್ನು ಪುರಭವನದ ಎದುರು ನೆಲಕ್ಕೆ ಸುರಿದರು. ಅದು ಬಾಯಿಗಿಡಲಾಗದಷ್ಟು ಕೆಟ್ಟಿತ್ತು. ಬಿಯರ್ ಮಾಡುವ ಹಕ್ಕಿದ್ದ ಮನೆತನಗಳು ಆಮೇಲೆ ಒಟ್ಟು ಸೇರಿ ಹೊಸ ಕಾರ್ಖಾನೆ ಕಟ್ಟಿಸಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಇಪ್ಪತ್ತೊಂಬತ್ತರ ತರುಣನನ್ನು ಕರೆಸಿದವು. 1842ರ ಅಕ್ಟೋಬರ್ 5ರಂದು ಅವನು ಮೊದಲ ಸಲ ಒಲೆ ಹೊತ್ತಿಸಿದ. ಪೀಪಾಯಿಯಿಂದ ಹೊರಬಂದದ್ದು ತಿಳಿಯಾದ, ಹೊಂಬಣ್ಣದ ಬಿಯರ್. ಇಂದು ಜಗತ್ತಿನ ಬಹುತೇಕ ಲಾಗರ್ ಬಿಯರುಗಳು ಅದರದೇ ಸಂತತಿ.

ಬಿಯರಿಗೆ ಬೇಕಾದದ್ದು ನಾಲ್ಕೇ: ನೀರು, ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್. ಸಾರಾಯಿಯ ಹಾಗೆ ಬಿಯರನ್ನು ಭಟ್ಟಿ ಇಳಿಸುವುದಿಲ್ಲ, ಹುದುಗಿಸುತ್ತಾರೆ ಅಷ್ಟೆ. ಆದರೆ ಹುದುಗಲು ಸಕ್ಕರೆ ಬೇಕು, ಬಾರ್ಲಿಯಲ್ಲಿರುವುದು ಪಿಷ್ಟ. ಈ ಪಿಷ್ಟವನ್ನು ಸಕ್ಕರೆಯಾಗಿಸುವುದರಲ್ಲೇ ಕಸುಬಿನ ಮುಕ್ಕಾಲು ಪಾಲು ಇದೆ ಎಂದು ನನಗನ್ನಿಸುತ್ತದೆ.

ಬಾರ್ಲಿಯನ್ನು ನೆನೆಸಿ, ತಂಪು ಜಾಗದಲ್ಲಿ ಹರಡಿ, ನಾಲ್ಕೈದು ದಿನ ಮೊಳಕೆ ಬರಿಸುತ್ತಾರೆ. ಮೊಳೆಯುವ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಮಗುವಿನ ಸರಿಗೆಂದು ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವಾಗ ಆಗುವುದೂ ಇದೇ; ಸರಿ ತೆಳ್ಳಗೆ, ಸಿಹಿಯಾಗಿ ಬರುವುದು ಆ ಕಿಣ್ವಗಳಿಂದ. ಮೊಳಕೆ ಹೆಚ್ಚು ಬೆಳೆಯುವ ಮೊದಲೇ ಕಾಳನ್ನು ಬಿಸಿಗಾಳಿಯಲ್ಲಿ ಒಣಗಿಸಬೇಕು. ಅದೇ ಮಾಲ್ಟ್. ಹಿಂದೆ ಸೌದೆಯ ಹೊಗೆ ನೇರವಾಗಿ ಕಾಳಿಗೆ ತಾಗಿ ಮಾಲ್ಟು ಕಂದಾಗುತ್ತಿತ್ತು, ಹೊಗೆವಾಸನೆ ಬರುತ್ತಿತ್ತು. ಪಿಲ್ಸೆನ್‌ನಲ್ಲಿ ಕಟ್ಟಿದ್ದು ಇಂಗ್ಲಿಷ್ ಮಾದರಿಯ ಗೂಡು: ಬೆಂಕಿ ಬೇರೆ ಕಡೆ, ಕಾಳಿಗೆ ತಾಗುವುದು ಬಿಸಿಗಾಳಿ ಮಾತ್ರ. ಗ್ರೋಲ್‌ನ ಬಿಯರಿಗೆ ಬಂಗಾರದ ಬಣ್ಣ ಬಂದದ್ದು ಹೀಗೆ.

ಮಾಲ್ಟನ್ನು ನುಚ್ಚು ಮಾಡಿ ಬೆಚ್ಚಗಿನ ನೀರಿಗೆ ಕಲಸುತ್ತಾರೆ. ಇದರ ಮೂರನೇ ಒಂದು ಪಾಲನ್ನು ತೆಗೆದು ತಾಮ್ರದ ಹಂಡೆಯಲ್ಲಿ ಕುದಿಸಿ ಮತ್ತೆ ಉಳಿದದ್ದಕ್ಕೆ ಸುರಿದರೆ ಇಡೀ ಮಿಶ್ರಣದ ಬಿಸಿ ಒಂದು ಮೆಟ್ಟಿಲು ಏರುತ್ತದೆ. ಹೀಗೆ ಮೂರು ಸಲ. ಸುಮಾರು 62 ಡಿಗ್ರಿಯಲ್ಲಿ ಒಂದು ಬಗೆಯ ಕಿಣ್ವ, 72ರ ಆಸುಪಾಸಿನಲ್ಲಿ ಇನ್ನೊಂದು ಚುರುಕಾಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲೂ ಈ ಲೆಕ್ಕ ತಪ್ಪುತ್ತಿರಲಿಲ್ಲ, ಕುದಿಯುವ ನೀರಿನ ಬಿಸಿ ಯಾವಾಗಲೂ ಒಂದೇ ಅಲ್ಲವೇ! ಎಷ್ಟು ಸರಳವಾದ, ಎಷ್ಟು ಜಾಣ ಉಪಾಯ! ಪಿಲ್ಸೆನ್‌ನಲ್ಲಿ ಇಂದಿಗೂ ಮೂರು ಸಲ ಕುದಿಸುವುದನ್ನು ಬಿಟ್ಟಿಲ್ಲ.

ಸೋಸಿದ ಸಿಹಿರಸಕ್ಕೆ ಹಾಪ್ಸ್ ಹಾಕಿ ಒಂದೂವರೆ ತಾಸು ಕುದಿಸುತ್ತಾರೆ. ಸೋಸಿದಾಗ ಉಳಿದ ಚರಟ ದನಗಳ ಮೇವಿಗೆ. ಹಾಪ್ಸ್ ಎತ್ತರದ ಕಂಬಗಳಿಗೆ ಹಬ್ಬುವ ಬಳ್ಳಿ. ಬಳಸುವುದು ಹೆಣ್ಣು ಹೂವನ್ನು ಮಾತ್ರ. ಕಹಿ, ಪರಿಮಳ ಎರಡೂ ಅದರದು. ಬಿಯರು ಬೇಗ ಕೆಡದಂತೆ ಕಾಯುವುದೂ ಅದೇ. ಪಿಲ್ಸೆನ್‌ಗೆ ಹೂವು ಬರುವುದು ಹತ್ತಿರದ ಝಾಟೆಟ್ಸ್ ಪ್ರದೇಶದಿಂದ. ಅಲ್ಲಿನ ಹಾಪ್ಸ್ ನಾಡು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪಿಲ್ಸೆನ್ ಊರಿನ ನೀರಿನಲ್ಲಿ ಲವಣಾಂಶ ತೀರ ಕಡಿಮೆ. ಆದ್ದರಿಂದ ಕಹಿ ನಾಲಿಗೆಯನ್ನು ಕೆರೆಯುವುದಿಲ್ಲ.

ಕೊನೆಗೆ ಯೀಸ್ಟ್. ಬವೇರಿಯಾದ 1516ರ ಪ್ರಸಿದ್ಧ ಕಟ್ಟಳೆ ಬಾರ್ಲಿ, ಹಾಪ್ಸ್, ನೀರನ್ನಷ್ಟೇ ಹೆಸರಿಸಿತು. ಯೀಸ್ಟಿನ ಮಾತೇ ಅದರಲ್ಲಿಲ್ಲ. ಒಂದು ಸಲದ ಗಸಿಯನ್ನು ಮುಂದಿನ ಸಲಕ್ಕೆ ಹಾಕಿ ಜನ ಕೆಲಸ ಸಾಗಿಸುತ್ತಿದ್ದರು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಕಾರ್ಲ್ಸ್‌ಬರ್ಗ್ ಅದನ್ನು ಬಚ್ಚಿಡದೆ ಇತರರಿಗೂ ಹಂಚಿತು. ಈ ಕಸುಬಿನ ಚರಿತ್ರೆಯಲ್ಲಿ ನಾನು ಬಹಳ ಗೌರವಿಸುವ ಕೆಲಸ ಅದು. ಲಾಗರ್ ಯೀಸ್ಟು ಹತ್ತು ಡಿಗ್ರಿಯಂಥ ತಂಪಿನಲ್ಲೂ ನಿಧಾನವಾಗಿ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸಿ ತಳಕ್ಕಿಳಿಯುತ್ತದೆ. ಆಮೇಲೆ ಬಿಯರು ಸೊನ್ನೆಯ ಹತ್ತಿರದ ಚಳಿಯಲ್ಲಿ ವಾರಗಟ್ಟಲೆ ಮಾಗಬೇಕು. ಅದಕ್ಕೆಂದೇ ಪಿಲ್ಸೆನ್‌ನ ನೆಲದಡಿ ಕಿಲೋಮೀಟರುಗಟ್ಟಲೆ ಸುರಂಗ ಕೊರೆದು, ಚಳಿಗಾಲದ ಮಂಜುಗಡ್ಡೆ ತುಂಬಿ ತಂಪು ಕಾಯುತ್ತಿದ್ದರು.

ಈಗ ಉಕ್ಕಿನ ತೊಟ್ಟಿಗಳು ಬಂದಿವೆ. ಆದರೂ ಅದೇ ಸುರಂಗಗಳಲ್ಲಿ, ರಾಳ ಸವರಿದ ಓಕ್ ಪೀಪಾಯಿಗಳಲ್ಲಿ, ಸ್ವಲ್ಪ ಬಿಯರನ್ನು ಇಂದಿಗೂ ಹಳೆಯ ರೀತಿಯಲ್ಲೇ ಮಾಗಿಸುತ್ತಾರೆ. ತೊಟ್ಟಿಯ ಬಿಯರಿನ ರುಚಿ ದಾರಿ ತಪ್ಪಿದೆಯೇ ಎಂದು ಅದರೊಂದಿಗೆ ಹೋಲಿಸಿ ನೋಡುತ್ತಾರೆ. ಪೀಪಾಯಿ ಕಟ್ಟುವ ಬಡಗಿಗಳನ್ನೂ ಕಾರ್ಖಾನೆ ಇನ್ನೂ ಇಟ್ಟುಕೊಂಡಿದೆ.