ರಿಕ್ವೆಸ್ಟ್ ಸಬ್‌ಕ್ಲಾಸ್ ಮಾಡೋ ಮುನ್ನ: ಬಾಡಿ ಬರೋದು ಒಂದೇ ಸಲ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಒಂದು ಶುಕ್ರವಾರ ರಾತ್ರಿ ಹೈದರಾಬಾದಿನಿಂದ ಕಲಬುರಗಿಗೆ ಬಸ್ಸಲ್ಲಿ ಹೊರಟಿದ್ದೆ. ಜಹೀರಾಬಾದ್ ದಾಟೋ ಹೊತ್ತಿಗೆ ಆಫೀಸಿಂದ ಫೋನ್ ಬಂತು. ಅಂಗಡಿಗಳ ಬಿಲ್ ಒಂದೂ ಸರ್ವರ್‌ಗೆ ಬರ್ತಿಲ್ಲ, ಎಲ್ಲಾ ಟೈಮ್‌ಔಟ್. ಅವತ್ತು ಮಧ್ಯಾಹ್ನ ಡೆಪ್ಲಾಯ್ ಮಾಡಿದವನು ನಾನೇ.

ಮೊದಲು ಹಿನ್ನೆಲೆ ಹೇಳ್ತೀನಿ. ಅಂಗಡಿಯ ಬಿಲ್ಲಿಂಗ್ ಮಷೀನ್‌ಗಳು ಜೇಸನ್ ಡೇಟಾವನ್ನು ಜಿಜಿಪ್ ಮಾಡಿ ಕಳಿಸುತ್ತಿದ್ದವು. ನಮ್ಮ ಸರ್ವರ್ ಫಾಸ್ಟ್‌ಎಪಿಐದು. ಜಿಜಿಪ್ ಬೈಟುಗಳನ್ನು ಅದು ಹಾಗೇ ಜೇಸನ್ ಅಂತ ಓದೋಕೆ ಹೋದರೆ 400 ಎರರ್. ಅದರಲ್ಲಿ ಜಿಜಿಪ್ ಮಿಡಲ್‌ವೇರ್ ಇದೆಯಲ್ಲ ಅಂತೀರಾ? ಅದು ರೆಸ್ಪಾನ್ಸನ್ನು ಕುಗ್ಗಿಸೋಕೆ. ಬರೋ ರಿಕ್ವೆಸ್ಟನ್ನು ಬಿಚ್ಚೋಕಲ್ಲ.

ಪ್ರತಿ ಹ್ಯಾಂಡ್ಲರ್‌ನಲ್ಲೂ ಬಿಚ್ಚೋ ಕೋಡ್ ಬರೆಯಬಹುದು. ಆದರೆ ಹತ್ತು ಕಡೆ ಬರೆದು ಹನ್ನೊಂದನೇ ಕಡೆ ಮರೀತೀವಿ. ಅದಕ್ಕೆ ರಿಕ್ವೆಸ್ಟ್ ಕ್ಲಾಸನ್ನೇ ಸಬ್‌ಕ್ಲಾಸ್ ಮಾಡಿ, ಬಾಡಿ ಅನ್ನೋ ಒಂದೇ ಮೆಥಡ್ ಬದಲಾಯಿಸಿದೆ. ಜೇಸನ್ ಮೆಥಡ್ ಒಳಗೊಳಗೇ ಬಾಡಿಯನ್ನೇ ಕರೆಯೋದರಿಂದ ಅಷ್ಟು ಸಾಕು. ಆಮೇಲೆ ಎಪಿಐರೂಟ್ ಕ್ಲಾಸನ್ನೂ ಸಬ್‌ಕ್ಲಾಸ್ ಮಾಡಿ, ಹಳೇ ರಿಕ್ವೆಸ್ಟಿನ ಸ್ಕೋಪ್ ಮತ್ತು ರಿಸೀವ್ ತಗೊಂಡು ನಮ್ಮ ಹೊಸ ಆಬ್ಜೆಕ್ಟ್ ಮಾಡಿ ಹ್ಯಾಂಡ್ಲರ್‌ಗೆ ಕೊಡಬೇಕು.

ಇಲ್ಲೇ ಎಡವಿದ್ದು. ಸ್ಕೋಪ್ ಅಂದ್ರೆ ಹೆಡರ್, ಪಾತ್ ಎಲ್ಲಾ ಇರೋ ಡಿಕ್ಷನರಿ. ಎಷ್ಟು ಸಲ ಬೇಕಾದರೂ ಓದಬಹುದು. ರಿಸೀವ್ ಹಾಗಲ್ಲ. ಅದು ನೆಟ್‌ವರ್ಕಿನಿಂದ ಬಾಡಿಯ ತುಂಡುಗಳನ್ನು ತಂದುಕೊಡೋ ಫಂಕ್ಷನ್. ಪೂರ್ತಿ ಹಿಂಡಿದ ಕಬ್ಬಿನಿಂದ ಮತ್ತೆ ರಸ ಬರಲ್ಲ. ಎರಡನೇ ಸಲ ಕೇಳಿದರೆ ಕ್ಲೈಂಟ್ ಕನೆಕ್ಷನ್ ಕಡಿಯೋವರೆಗೂ ಕಾಯ್ತಾ ಕೂರುತ್ತೆ. ಎರರ್ ಇಲ್ಲ, ಲಾಗ್ ಇಲ್ಲ, ಸುಮ್ಮನೆ ನಿಂತುಬಿಡುತ್ತೆ.

ನಾನು ಮಾಡಿದ್ದೇನು? ಹೊಸ ಆಬ್ಜೆಕ್ಟ್ ಮಾಡೋ ಮುಂಚಿನ ಸಾಲಲ್ಲಿ, ಲಾಗ್ ಬರೆಯೋಕೆ ಅಂತ ಹಳೇ ರಿಕ್ವೆಸ್ಟಿನಿಂದ ಬಾಡಿ ಓದಿದ್ದೆ. ಓದಿದ್ದು ಹಳೇ ಆಬ್ಜೆಕ್ಟಿನಲ್ಲೇ ಉಳೀತು, ಹೊಸದಕ್ಕೆ ಏನೂ ಸಿಗಲಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಆ ಲಾಗ್ ಆಫ್ ಇತ್ತು, ಪ್ರೊಡಕ್ಷನ್‌ನಲ್ಲಿ ಆನ್. ಮಷೀನ್‌ಗಳು ಕಾದು ಕಾದು ಮತ್ತೆ ಕಳಿಸಿದವು, ಅವೂ ಅಲ್ಲೇ ಸಿಕ್ಕಿಕೊಂಡವು. ಬಸ್ಸಲ್ಲೇ ಲ್ಯಾಪ್‌ಟಾಪ್ ತೆಗೆದು ಮೊದಲು ಹಳೇ ವರ್ಷನ್‌ಗೆ ಹಿಂತಿರುಗಿಸಿದೆ. ಮನೆ ಸೇರಿದ ಮೇಲೆ ಎರಡು ಸಾಲು ಅದಲುಬದಲು ಮಾಡಿದೆ: ಮೊದಲು ಹೊಸ ಆಬ್ಜೆಕ್ಟ್, ಆಮೇಲೆ ಅದರಿಂದಲೇ ಓದು. ಬಿಲ್‌ಗಳು ಮಷೀನ್‌ನಲ್ಲೇ ಉಳಿದಿದ್ದರಿಂದ ಬಚಾವಾದೆ. ಇಲ್ಲದಿದ್ದರೆ ಅಂಗಡಿಯವರ ಒಂದು ದಿನದ ಲೆಕ್ಕ ಹೋಗ್ತಿತ್ತು.

ನೀವು ಬರೆಯುವಾಗ ಇನ್ನೂ ಮೂರು ವಿಷಯ ನೋಡಿಕೊಳ್ಳಿ.

ಒಂದು, ಬಿಚ್ಚಿದ ಬಾಡಿಯನ್ನು ಆಬ್ಜೆಕ್ಟಿನಲ್ಲೇ ಇಟ್ಟುಕೊಳ್ಳಿ, ಇದ್ದರೆ ಅದನ್ನೇ ಕೊಡಿ. ಫ್ರೇಮ್‌ವರ್ಕ್ ಆ ಮೆಥಡನ್ನು ಎರಡು ಸಲ ಕರೆಯಬಹುದು. ಬಿಚ್ಚಿದ್ದನ್ನೇ ಮತ್ತೆ ಬಿಚ್ಚೋಕೆ ಹೋದರೆ ಪೈಥಾನ್ ಇದು ಜಿಜಿಪ್ ಫೈಲೇ ಅಲ್ಲ ಅನ್ನುತ್ತೆ.

ಎರಡು, ಫಾರ್ಮ್ ಡೇಟಾ ಬಾಡಿ ಮೆಥಡ್ ಮೂಲಕ ಬರಲ್ಲ, ಸ್ಟ್ರೀಮ್ ಮೂಲಕ ಬರುತ್ತೆ. ಬಾಡಿ ಮಾತ್ರ ಬದಲಾಯಿಸಿದ್ರೆ ಫಾರ್ಮ್ ಸರಿಹೋಗುತ್ತೆ ಅಂದುಕೊಳ್ಳಬೇಡಿ.

ಮೂರು, ಮಿತಿ ಇಡಿ. ಜಿಜಿಪ್ ಡೇಟಾ ಬಿಚ್ಚಿದಾಗ ಸುಮಾರು 1000 ಪಟ್ಟು ಹಿಗ್ಗಬಹುದು. 1 ಎಂಬಿ ಕಳಿಸಿದವನು ಸರ್ವರ್‌ನ 1 ಜಿಬಿ ಮೆಮೊರಿ ತಿನ್ನಬಲ್ಲ. ಒಂದೇ ಏಟಿಗೆ ಬಿಚ್ಚೋ ಫಂಕ್ಷನ್ ಬಿಟ್ಟು, ಜೆಡ್‌ಲಿಬ್‌ನ ಡಿಕಂಪ್ರೆಸ್ ಆಬ್ಜೆಕ್ಟ್ ಬಳಸಿ. ಅದಕ್ಕೆ ಗರಿಷ್ಠ ಉದ್ದ ಹೇಳಬಹುದು. ಮಿತಿ ಮೀರಿದರೆ 413 ಕೊಟ್ಟು ಕಳಿಸಿ.

ಹಾಗಂತ ಎಲ್ಲದಕ್ಕೂ ಸಬ್‌ಕ್ಲಾಸ್ ಬೇಡ. ಲಾಗಿನ್ ಆದ ಯೂಸರ್, ಟ್ರೇಸ್ ಐಡಿ ಥರದ್ದನ್ನು ಹೊತ್ತೊಯ್ಯೋಕೆ ರಿಕ್ವೆಸ್ಟ್ ಸ್ಟೇಟ್ ಇದೆ. ಬಂದದ್ದನ್ನು ಓದೋ ರೀತಿಯೇ ಬದಲಾಗಬೇಕಾದಾಗ ಮಾತ್ರ ಸಬ್‌ಕ್ಲಾಸ್. ಫ್ಲಾಸ್ಕ್ ಬಳಸೋರಿಗೆ ಆ್ಯಪ್‌ನಲ್ಲೇ ರಿಕ್ವೆಸ್ಟ್ ಕ್ಲಾಸ್ ಅಂತ ಒಂದು ಆಟ್ರಿಬ್ಯೂಟ್ ಇದೆ. ಅಲ್ಲಿ ನಿಮ್ಮ ಕ್ಲಾಸ್ ಕೊಟ್ಟರಾಯ್ತು.

ಕೊನೇದಾಗಿ, ಟೆಸ್ಟ್ ಮಾಡುವಾಗ ಪ್ರೊಡಕ್ಷನ್‌ನ ಲಾಗ್ ಸೆಟ್ಟಿಂಗೇ ಇರಲಿ. ಮತ್ತೆ ಊರಿಗೆ ಹೊರಡೋ ಶುಕ್ರವಾರ ಡೆಪ್ಲಾಯ್ ಮಾಡಬೇಡಿ ಮಾರಾಯ್ರೆ. ಮುಂದಿನ ವಾರ ಸಿಗೋಣ.